ಮೋಕ್ಷಕಾಲವಿಲ್ಲದ ಗ್ರಹಣ

ಎರಡು ಸಾವಿರದ ಎಂಟರ ಸೆಪ್ಟೆಂಬರಿನಲ್ಲಿ ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯ ಟಿ.ವಿ. ಒಂದು ವಾರ ಬಾಯಿ ಮುಚ್ಚಲಿಲ್ಲ. ಸ್ವಿಟ್ಜರ್ಲೆಂಡಿನ ಗಡಿಯಲ್ಲಿ, ನೆಲದ ಆಳದ ಸುರಂಗದೊಳಗೆ ವಿಜ್ಞಾನಿಗಳು ಕಣಗಳನ್ನು ಓಡಿಸಿ ಡಿಕ್ಕಿ ಹೊಡೆಸುತ್ತಾರಂತೆ, ಅದರಿಂದ ಕಪ್ಪುಕುಳಿ ಹುಟ್ಟಿ ಭೂಮಿಯನ್ನು ನುಂಗುತ್ತದಂತೆ. ಹಿಂದಿ ಚಾನೆಲ್‌ನವರು ಭೂಮಿ ಉದುರಿ ಬೀಳುವ ಚಿತ್ರ ಮಾಡಿ, ಹಿಂದೆ ಡೋಲು ಬಾರಿಸಿ, ಬೆಳಗ್ಗೆಯಿಂದ ಸಂಜೆವರೆಗೆ ಅದನ್ನೇ ತೋರಿಸಿದರು. ನಡುನಡುವೆ ಟೂತ್‌ಪೇಸ್ಟಿನ ಜಾಹೀರಾತು. ಪ್ರಳಯ ಬರುವುದಾದರೆ ಹಲ್ಲು ಬೆಳ್ಳಗಿರಲಿ ಎಂದಿರಬೇಕು.

ನಾನು ಫಿಸಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಿ ಠಾಣೆಯ ಒಂದು ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆ. ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ, ನಾನು. ಅಣ್ಣ ವಾಶಿಯ ಹೋಟೆಲೊಂದರ ಮ್ಯಾನೇಜರು. ಅತ್ತಿಗೆ ನನಗಿಂತ ತುಸು ದೊಡ್ಡವಳು, ಚೊಚ್ಚಲ ಬಸುರಿ. ಬಸಿರಿನಲ್ಲಿ ಶುಗರ್ ಕಾಣಿಸಿಕೊಂಡು ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಡಾಕ್ಟರು ಒಂದೇ ಮಾತು ಹೇಳಿದ್ದರು: ಚುಚ್ಚಿದ ಮೇಲೆ ತಟ್ಟೆ ಮುಂದಿರಬೇಕು.

ಅಮ್ಮನಿಗೆ ನಾನು ಎಷ್ಟೋ ಸಲ ಹೇಳಿದೆ. ಇಂಥ ಡಿಕ್ಕಿಗಳು ಆಕಾಶದಲ್ಲಿ ಪ್ರತಿದಿನ ಆಗುತ್ತಿರುತ್ತವೆ, ಇದಕ್ಕಿಂತ ಎಷ್ಟೋ ಜೋರಿನವು, ಭೂಮಿಗೆ ಏನೂ ಆಗಿಲ್ಲ ಎಂದೆ. ಅಮ್ಮ ಬೀನ್ಸ್ ಸೋಸುತ್ತಾ ಕೇಳಿದರು.

"ಆಗುದೇ ಇಲ್ಲ ಅಂತ ಹೇಳ್ತಿಯಾ?"

"ಸಾಧ್ಯತೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅಮ್ಮ."

"ಅಷ್ಟು ಕಡಿಮೆ ಅಂದ್ರೆ, ಉಂಟು ಅಂತ ಆಯ್ತಲ್ಲ!"

ಅವರು ನಮ್ಮ ಪುರೋಹಿತರಿಗೆ ಫೋನು ಹಚ್ಚಿದರು. ಸ್ಪೀಕರಿನಲ್ಲಿ ನನಗೂ ಕೇಳಿಸಿತು. "ಪಂಚಾಂಗದಲ್ಲಿ ಇಂಥದ್ದು ಎಂತದ್ದೂ ಇಲ್ಲ, ಅಮ್ಮ. ಆದ್ರೂ ಬಸುರಿ ಇರುವ ಮನೆ. ಗ್ರಹಣದ ಹಾಗೆ ಆಚರಿಸಿದ್ರೆ ನಷ್ಟ ಎಂತ?" ಆ ಪ್ರಶ್ನೆಗೆ ಉತ್ತರ ನಾನು ಆಮೇಲೆ ನೋಡಿದೆ.

ಆ ಸುರಂಗದ ಯಂತ್ರ ಚಾಲೂ ಆಗುವ ದಿನ ನಾನು ಬೆಳಗಿನ ಲೋಕಲ್ ಹಿಡಿದು ಹೊರಟಾಗ ಅತ್ತಿಗೆ ಇಡ್ಲಿ ತಿನ್ನುತ್ತಿದ್ದಳು. ಕ್ಲಾಸಿನಲ್ಲಿ ಅರ್ಧ ಬೆಂಚು ಖಾಲಿ. ಬಂದವರಲ್ಲೊಬ್ಬ ಎದ್ದು ನಿಂತು, "ಮಿಸ್, ಆಜ್ ದುನಿಯಾ ಖತಮ್ ಹೋನೇವಾಲೀ ಹೈ, ಫಿರ್ ಟೆಸ್ಟ್ ಕಾಯ್ಕೋ?" ಎಂದ. ಲೋಕವೇ ಮುಗಿಯುವ ದಿನ ಟೆಸ್ಟು ಯಾಕಂತೆ. ನಾನೂ ನಕ್ಕೆ. ಮಧ್ಯಾಹ್ನದ ಬ್ಯಾಚಿಗೆ ಯಾರೂ ಬರುವುದಿಲ್ಲವೆಂದು ಗೊತ್ತಾದಾಗ ಮನೆಗೆ ಹೊರಟೆ. ಅದು ಗಣಪತಿ ಕೂತಿದ್ದ ವಾರ. ಸ್ಟೇಷನ್ನಿನಿಂದ ಮನೆವರೆಗೆ ಪ್ರತಿ ಗಲ್ಲಿಯಲ್ಲೂ ಮಂಟಪ, ಲೌಡ್‌ಸ್ಪೀಕರ್. ಪ್ರಳಯದ ಲಕ್ಷಣ ಎಲ್ಲೂ ಇರಲಿಲ್ಲ.

ಲಕ್ಷಣ ನಮ್ಮ ಮನೆಯೊಳಗಿತ್ತು. ಅಡುಗೆಮನೆಯಲ್ಲಿ ಒಲೆ ಆರಿತ್ತು. ಮೊಸರಿನ ಮೇಲೆ, ಉಪ್ಪಿನಕಾಯಿ ಭರಣಿಯ ಮೇಲೆ, ನೀರಿನ ಡ್ರಮ್ಮಿನ ಮೇಲೆ ದರ್ಭೆ. ಅಮ್ಮ ಒದ್ದೆ ಸೀರೆಯಲ್ಲಿ ಟಿ.ವಿ. ಮುಂದೆ ಕೂತು ಜಪಸರ ತಿರುಗಿಸುತ್ತಿದ್ದರು. ಒಳಕೋಣೆಯ ಕಿಟಕಿಗೆ ಕಂಬಳಿ ಬಿಗಿದಿತ್ತು. ಆ ಕತ್ತಲೆಯಲ್ಲಿ, ಫ್ಯಾನೂ ಇಲ್ಲದೆ, ಅತ್ತಿಗೆ ಗೋಡೆಗೊರಗಿ ಕೂತಿದ್ದಳು. ರವಿಕೆ ಬೆವರಿನಿಂದ ತೊಯ್ದು ಹೋಗಿತ್ತು, ತುಟಿ ಅದುರುತ್ತಿತ್ತು. ನನ್ನನ್ನು ನೋಡಿ, ಗುರುತು ಸಿಗದವಳಂತೆ, "ಬಸ್ಸು ಬಂತಾ?" ಎಂದಳು.

"ಅಮ್ಮಾ, ಇವಳು ಊಟ ಮಾಡಿದ್ದಾಳಾ?"

"ಗ್ರಹಣದಲ್ಲಿ ಊಟ ಎಂತದು?"

"ಮತ್ತೆ ಇಂಜೆಕ್ಷನ್?"

"ಅದು ತಗೊಂಡಿದ್ದಾಳೆ. ಡಾಕ್ಟ್ರು ತಪ್ಪಿಸ್ಬಾರ್ದು ಹೇಳಿದ್ದಾರಲ್ಲ. ಮದ್ದಿಗೆ ದೋಷ ಇಲ್ಲ." ತಾನು ಸೊಸೆಗೆ ದೊಡ್ಡ ರಿಯಾಯಿತಿ ಕೊಟ್ಟಿದ್ದೇನೆ ಎಂಬ ಧಾಟಿಯಲ್ಲಿ ಹೇಳಿದರು.

ಸಾಮಾನ್ಯ ಗ್ರಹಣವಾಗಿದ್ದರೆ ಈ ಮಾತು ಬರುತ್ತಲೇ ಇರಲಿಲ್ಲ. ಪಂಚಾಂಗ ಬಸುರಿಗೆ, ಮುದುಕರಿಗೆ, ಮಕ್ಕಳಿಗೆ ಊಟದ ಹೊತ್ತು ಬೇರೆ ಬರೆದಿರುತ್ತದೆ. ಹಿಡಿಯುವ ಹೊತ್ತು ಬರೆದವರು ಬಿಡುವ ಹೊತ್ತನ್ನೂ ಬರೆದಿರುತ್ತಾರೆ. ಈ ಗ್ರಹಣಕ್ಕೆ ಟಿ.ವಿ.ಯೇ ಪಂಚಾಂಗ, ಅದರಲ್ಲಿ ಮೋಕ್ಷಕಾಲವಿರಲಿಲ್ಲ. ಯಂತ್ರ ಶುರುವಾಯಿತು, ವಿಜ್ಞಾನಿಗಳು ಚಪ್ಪಾಳೆ ಹೊಡೆದರು ಎಂದು ತೋರಿಸಿದ ಆ್ಯಂಕರನೇ, ನಿಜವಾದ ಗಂಡಾಂತರ ಇನ್ನು ಮುಂದಿದೆ, ಎಲ್ಲೂ ಹೋಗಬೇಡಿ ಎನ್ನುತ್ತಿದ್ದ. ಅಮ್ಮ ಎಲ್ಲೂ ಹೋಗಲಿಲ್ಲ. ಅತ್ತಿಗೆಯನ್ನೂ ಬಿಡಲಿಲ್ಲ.

ನಾನು ಸಕ್ಕರೆ ಡಬ್ಬಿ ಹಿಡಿದು ಬಂದಾಗ ಅಮ್ಮ ಕೋಣೆಯ ಬಾಗಿಲಲ್ಲಿ ಎರಡೂ ಕೈ ಅಡ್ಡ ಇಟ್ಟು ನಿಂತಿದ್ದರು.

"ಬಿಡುವ ಮೊದ್ಲು ಬಾಯಿಗೆ ಎಂತದೂ ಹಾಕ್ಬೇಡ. ಮಗುವಿನ ತುಟಿ ಸೀಳಿ ಹುಟ್ತದೆ."

"ಶುಗರ್ ಇಳಿದಿದೆ ಅಮ್ಮ, ಸಾಯ್ತಾಳೆ ಅವಳು!"

"ಇಂಥ ಹೊತ್ತಿನಲ್ಲಿ ಸಾಯುವ ಮಾತು ಆಡ್ತಿಯಲ್ಲ, ಓದಿದವಳು!"

ಅಣ್ಣನಿಗೆ ಫೋನು ಮಾಡಿ ವಿಷಯ ಹೇಳಿದೆ. ಅವನ ಹಿಂದೆ ತಟ್ಟೆಗಳ ಸದ್ದು, ದೋಸೆಯ ಆರ್ಡರು ಕೂಗುವ ದನಿ. "ಒಂದು ದಿನ ಅಮ್ಮ ಹೇಳಿದ ಹಾಗೆ ಕೇಳಿ ಮಾರಾಯ್ತಿ, ಇಲ್ಲಿ ರಶ್ ಉಂಟು," ಎಂದ.

"ನಿನ್ನ ಊಟ ಆಯ್ತಾ?"

"ಈಗಷ್ಟೇ ಆಯ್ತು. ಯಾಕೆ?"

ಫೋನು ಕೆಳಗಿಟ್ಟು ನಾನು ಅಮ್ಮನನ್ನು ತಳ್ಳಿದೆ. ಅವರು ನನ್ನ ರಟ್ಟೆ ಹಿಡಿದರು. ಡಬ್ಬಿ ಬಿದ್ದು ಸಕ್ಕರೆಯೆಲ್ಲ ನೆಲದ ಪಾಲಾಯಿತು. ನಮ್ಮ ಕೂಗಾಟಕ್ಕೆ ಎದುರು ಮನೆಯ ಮರಾಠಿ ಹೆಂಗಸು, ನಾವು ಕಾಕು ಎಂದು ಕರೆಯುವವರು, ಬಂದರು. ಅವರ ಮನೆಯಲ್ಲಿ ಗಣಪತಿ ಕೂರಿಸಿದ್ದರು. ಅತ್ತಿಗೆಯ ಮುಖ ನೋಡಿದವರೇ ಹಿಂತಿರುಗಿ ಓಡಿ, ಪೂಜೆಯ ಪಂಚಾಮೃತದ ಬಟ್ಟಲು ತಂದರು. ಹಾಲು, ಜೇನು, ಸಕ್ಕರೆ. "ಬಾಪ್ಪಾಚಾ ಪ್ರಸಾದ್ ಆಹೆ," ಎಂದರು ಅಮ್ಮನಿಗೆ. ಗಣಪತಿಯ ಪ್ರಸಾದ ಎಂಬ ಮಾತು ಕೇಳಿ ಅಮ್ಮನ ಕೈ ಚೌಕಟ್ಟಿನಿಂದ ಇಳಿಯಿತು. ನನ್ನ ಎಂ.ಎಸ್ಸಿ.ಗೆ ಇಳಿಯದ ಕೈ.

ಕಾಕು ಅತ್ತಿಗೆಯ ತಲೆ ಹಿಡಿದುಕೊಂಡರು, ನಾನು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿದೆ. ಮೊದಲಿನ ಚಮಚ ಕಟವಾಯಿಯಿಂದ ಹೊರಗೆ ಹರಿಯಿತು. ಅದು ಹರಿದದ್ದು ನನಗೆ ಈಗಲೂ ಕಾಣುತ್ತದೆ, ಲೋಕಲಿನಲ್ಲಿ ನಿಂತಿರುವಾಗ, ಬೋರ್ಡಿನ ಮೇಲೆ ಬರೆಯುತ್ತಿರುವಾಗ. ಎರಡನೆಯದನ್ನು ನುಂಗಿದಳು. ರಿಕ್ಷಾದಲ್ಲಿ ನರ್ಸಿಂಗ್ ಹೋಮಿಗೆ ಒಯ್ಯುವಾಗ ಮಂಟಪದ ಮುಂದಿನ ಜನ ದಾರಿ ಬಿಡಲು ತಡವಾಯಿತು. ಒಳಗಿನ ಮಗು ಅಲುಗುತ್ತಿದೆಯೇ ಎಂದು ನಾನು ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದೆ. ಅಲುಗಲಿಲ್ಲ.

ಗ್ಲೂಕೋಸ್ ಏರಿಸಿದರು. ಡಾಕ್ಟರು ಮಗುವಿನ ಎದೆಬಡಿತ ಹುಡುಕಿದರು. ಸಿಕ್ಕಿದ ಮೇಲೆ ನಮ್ಮ ಕಡೆ ತಿರುಗಿ, "ಇನ್ಸುಲಿನ್ ಲೇಕರ್ ಉಪವಾಸ್? ಕಿಸ್ನೇ ಬೋಲಾ?" ಎಂದು ಕೇಳಿದರು. ಇನ್ಸುಲಿನ್ ಚುಚ್ಚಿಕೊಂಡು ಉಪವಾಸ ಕೂರಲು ಹೇಳಿದ್ದು ಯಾರೆಂದು. ಹೇಳಿದವರು ಬಹಳ ಜನ ಇದ್ದರು, ಹೆಚ್ಚಿನವರು ಟಿ.ವಿ.ಯೊಳಗಿದ್ದರು.

ಸ್ವಲ್ಪ ದಿನದಲ್ಲೇ ಆ ಯಂತ್ರ ಕೆಟ್ಟು ನಿಂತಿತು ಎಂಬ ಸುದ್ದಿ ಬಂತು. "ಕಂಡಿಯಾ?" ಎಂದರು ಅಮ್ಮ. ಮಗು ಗಟ್ಟಿಮುಟ್ಟಾಗಿ ಹುಟ್ಟಿತು, ಹೆಣ್ಣು. ನಾಮಕರಣದ ದಿನ ಅಮ್ಮ ಬಂದವರಿಗೆಲ್ಲ ಅದರ ಮೇಲ್ದುಟಿಯನ್ನು ಬೆರಳಿನಿಂದ ಎತ್ತಿ ತೋರಿಸಿದರು. "ನೋಡಿ, ಒಂದು ಗೀರೂ ಇಲ್ಲ. ಆ ದಿನ ಕಟ್ಟುನಿಟ್ಟು ಮಾಡಿದ್ದಕ್ಕೆ." ಅಣ್ಣ ಹೋಟೆಲಿನಿಂದ ತರಿಸಿದ್ದ ಹೋಳಿಗೆಯನ್ನು ಎಲ್ಲರೂ ತಿಂದರು. ನರ್ಸಿಂಗ್ ಹೋಮಿನ ವಿಷಯ ಯಾರೂ ಎತ್ತಲಿಲ್ಲ. ಎತ್ತಲು ಹೋದ ನನಗೆ ಅಣ್ಣ, "ಶುಭಕಾರ್ಯದಲ್ಲಿ ನಿಂದು ಎಂತ ರಗಳೆ," ಎಂದ.

ಕೆಲವು ವರ್ಷಗಳ ಮೇಲೆ ಅದೇ ಸುರಂಗದಲ್ಲಿ ಹೊಸ ಕಣ ಸಿಕ್ಕಿತೆಂದು ಅದೇ ಚಾನೆಲಿನವರು ಸಂಭ್ರಮಿಸಿದರು. ಕಪ್ಪುಕುಳಿ ಭೂಮಿಯನ್ನು ನುಂಗುತ್ತದೆ ಎಂದವರು ಒಂದು ಸಣ್ಣ ಕ್ಷಮೆಯನ್ನೂ ಕೇಳಲಿಲ್ಲ. ಅವತ್ತು ನಾನು, ಅತ್ತಿಗೆ ಬಟ್ಟೆ ಮಡಚುತ್ತಿದ್ದೆವು. ಒಳಗೇ ಕುದಿಯುತ್ತಿದ್ದ ಪ್ರಶ್ನೆಯನ್ನು ಕೇಳಿಬಿಟ್ಟೆ. "ಆ ದಿನ ನೀನು ನಂಬಿದ್ದೆಯಾ, ಅತ್ತಿಗೆ?"

"ಇಲ್ಲ ಮಾರಾಯ್ತಿ. ನೀನು ಹೇಳಿದ್ದು ನನಗೆ ಅರ್ಥ ಆಗಿತ್ತು."

"ಮತ್ತೆ ಉಪವಾಸ ಯಾಕೆ ಕೂತೆ?"

ಅವಳು ಮಗಳ ಫ್ರಾಕನ್ನು ಮೊಣಕಾಲ ಮೇಲೆ ಹರವಿ ಅಂಗೈಯಿಂದ ತೀಡಿದಳು.

"ನಾನು ಉಂಡು, ಆಮೇಲೆ ಮಗುವಿಗೆ ಏನಾದ್ರೂ ಐಬಿದ್ರೆ? ಭೂಮಿ ಮುಳುಗುದಿಲ್ಲ ಅಂತ ನಿನಗೆ ಗೊತ್ತಿತ್ತು. ಈ ಮನೆಯಲ್ಲಿ ತಪ್ಪು ಯಾರ ಹೆಸರಿಗೆ ಬರ್ತದೆ ಅಂತ ನನಗೆ ಗೊತ್ತಿತ್ತು. ಸತ್ರೆ ಒಂದು ಸಲ. ಅದನ್ನು ಕೇಳ್ತಾ ಬದುಕುದು ಎಷ್ಟು ವರ್ಷ, ಹೇಳು?"

ಹೊರಗಿನಿಂದ ಅಮ್ಮ ಊಟಕ್ಕೆ ಕರೆದರು. ಶುಗರ್ ಹೆರಿಗೆಯ ನಂತರವೂ ಅವಳನ್ನು ಬಿಟ್ಟಿರಲಿಲ್ಲ. ಅತ್ತಿಗೆ ಎದ್ದು ಸೂಜಿ ಚುಚ್ಚಿಕೊಳ್ಳಲು ಒಳಗೆ ಹೋದಳು, ನಾನು ಹೋಗಿ ಅವಳ ತಟ್ಟೆಗೆ ಅನ್ನ ಬಡಿಸಿದೆ.