ಕೊನೆಯ ಕಾಲಮ್ಮಿನ ಹೆಸರು

ಫೋನಿನಲ್ಲಿ ಯಾರಾದರೂ ನೆರಿನಾಳ ಮನೆಹೆಸರು ಕೇಳಿದರೆ ಪ್ರತಿಸಲವೂ ಅದೇ ಫಜೀತಿ.

“ಮನೆಹೆಸರು ಹೇಳಿ ಮೇಡಂ.”

“ರೆಸ್ತಾಕ್ವಿ.”

“ಆಯ್ತು, ಲೈನಲ್ಲೇ ಇರ್ತೀನಿ. ನಿಧಾನಕ್ಕೆ ನೋಡ್ಕೊಂಡು ಹೇಳಿ.”

“ಅಯ್ಯೋ, ನಿಮಗೆ ಇರಿ ಅಂದಿದ್ದಲ್ಲಪ್ಪಾ. ಅದೇ ನಮ್ಮ ಮನೆಹೆಸರು!”

ಅವರ ಭಾಷೆಯಲ್ಲಿ ‘ರೆಸ್ತಾ ಕ್ವಿ’ ಎಂದರೆ ‘ಇಲ್ಲೇ ಇರು’ ಎಂಬ ಅಪ್ಪಣೆ. ‘ಇದು ಇಲ್ಲೇ ಇರುತ್ತದೆ’ ಎಂಬ ಸಪ್ಪೆ ಅರ್ಥವೂ ಅದಕ್ಕುಂಟು. ಆದರೆ ಇಟಲಿಯ ಪೋ ನದಿಯ ಏರಿಯ ಕೆಳಗಿನ ವಾಲ್ನೋವಾ ಊರಿನಲ್ಲಿ, ಅವಳ ಅಪ್ಪ ಜೆಲಿಂದೊ ರೆಸ್ತಾಕ್ವಿಯ ಮನೆಯಲ್ಲಿ, ಆ ಎರಡನೆಯ ಅರ್ಥವನ್ನು ಯಾರೂ ಎಂದೂ ಬಾಯಿಗೆ ತಂದವರಲ್ಲ. ಶಾಲೆಯಲ್ಲಿ ಹಾಜರಿ ಕೂಗುವಾಗ ಟೀಚರು “ರೆಸ್ತಾಕ್ವಿ!” ಎಂದರೆ ಹಿಂದಿನ ಬೆಂಚಿನ ಪೋರರು “ಎಲ್ಲಿಗೆ ಹೋಗ್ತಾಳೆ ಮೇಡಂ, ಇಲ್ಲೇ ಇರ್ತಾಳೆ!” ಎಂದು ಕಿರುಚುತ್ತಿದ್ದರು. ಹುಡುಗಿ ನೆರಿನಾಳಿಗೆ ಅದರಿಂದ ಅವಮಾನವಾಗುತ್ತಿರಲಿಲ್ಲ. ಎದೆ ಉಬ್ಬುತ್ತಿತ್ತು.

ಕಾರಣ, ಅಪ್ಪ ಹೇಳುತ್ತಿದ್ದ ಕಥೆ. ಮುತ್ತಾತ ವಾಲ್ನೋವಾದ ಚರ್ಚಿನಲ್ಲಿ ಗಂಟೆ ಹೊಡೆಯುವವನಾಗಿದ್ದನಂತೆ. ಒಂದು ನವೆಂಬರಿನಲ್ಲಿ ಏರಿ ಒಡೆದು ಪೋ ಊರೊಳಗೆ ನುಗ್ಗಿತು. ಜನ ಹಾಸಿಗೆ, ಕೋಳಿ, ಮುದುಕಿಯರನ್ನೆಲ್ಲ ಗಾಡಿಗೆ ಹೇರಿ ಓಡಿದರು. ಪಾದ್ರಿಯೂ ಓಡಿದ. ಓಡುವಾಗ ತಿರುಗಿ ನೋಡಿ, “ರೆಸ್ತಾ ಕ್ವಿ! ಕೊನೇ ಗಾಡಿ ದಾಟೋವರೆಗೂ ಗಂಟೆ ಹೊಡಿ” ಎಂದ. ಅವನು ಎದೆಮಟ್ಟದ ನೀರಿನಲ್ಲಿ ನಿಂತು ಮೂರು ದಿನ ಹೊಡೆದ. ನೀರಿಳಿದ ಮೇಲೆ ಊರೇ ಸೇರಿ ಅದನ್ನೇ ಅವನಿಗೆ ಹೆಸರಾಗಿ ಕೊಟ್ಟಿತು. ಈ ಕಥೆಯನ್ನು ಜೆಲಿಂದೊ ವರ್ಷವರ್ಷವೂ ಏರಿಯ ಮೇಲಿನ ಬಾರಿನಲ್ಲಿ ಇಸ್ಪೀಟಿನ ಎಲೆ ಕೆಳಗಿಟ್ಟು ಹೇಳುತ್ತಿದ್ದ. ಗಂಟೆಯ ಹಗ್ಗ ಎಳೆಯುವಂತೆ ಕೈ ಆಡಿಸುತ್ತಿದ್ದ. ಕೇಳಿ ಕೇಳಿ ಬೇಸತ್ತವರೂ ಸುಮ್ಮನಿರುತ್ತಿದ್ದರು.

ನೆರಿನಾಳ ಬಾಳನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ ಇಷ್ಟು: ಅರವತ್ತಮೂರು ವರ್ಷಗಳಲ್ಲಿ ಅವಳು ವಾಲ್ನೋವಾದ ಹೊರಗೆ ಮಲಗಿದ್ದು ಮೂರು ರಾತ್ರಿ, ಅದೂ ಕರುಳುಬಾಲ ಕೊಯ್ಸಿಕೊಳ್ಳಲು ಹೋದಾಗ. ಇಪ್ಪತ್ತೆರಡರಲ್ಲಿ ಅವಳಿಗೆ ಪಾದುವಾದ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಟವೆಲ್ಲುಗಳ ಅಂಚಿಗೆ ತನ್ನ ಹೆಸರಿನ ಎರಡು ಅಕ್ಷರ ಹೊಲಿದುಕೊಂಡಿದ್ದಳು. ಬೆಳಿಗ್ಗೆ ಏಳರ ಬಸ್ಸು. ಅಮ್ಮ ತೀರಿಕೊಂಡು ಎರಡು ವರ್ಷ, ಅಣ್ಣ ಎಲ್ವಿಯೊ ಟುರಿನ್ನಿನ ಕಾರ್ಖಾನೆ ಸೇರಿ ಮೂರು ವರ್ಷವಾಗಿತ್ತು. ಹಿಂದಿನ ದಿನ ಊಟವಾದ ಮೇಲೆ ಅಪ್ಪ ತಟ್ಟೆ ಸರಿಸಿ, ಯಾರನ್ನೂ ಬೈಯದೆ ಹೇಳಿದ್ದ: “ಟೆಲಿಫೋನ್ ಪುಸ್ತಕ ನೋಡು ಮಗಳೇ. ಇಡೀ ಇಟಲೀಲಿ ಈ ಹೆಸರಿನ ಮನೆ ಇದೊಂದೇ. ಒಬ್ಬ ಹೆಸರಿಗೆ ಮಸಿ ಬಳ್ದು ಹೋದ. ನೀನೂ ಹೋದ್ರೆ ಮೂರು ದಿನ ನೀರಲ್ಲಿ ನಿಂತೋನಿಗೆ ಏನು ಹೇಳ್ಲಿ?”

ಅವಳು ಟವೆಲ್ಲುಗಳನ್ನು ಬೀರುವಿಗೆ ಹಿಂದಿಟ್ಟಳು. ಊರಿನ ಮಕ್ಕಳ ಶಾಲೆಯಲ್ಲಿ ಅಡುಗೆಗೆ ಸೇರಿದಳು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿದ ಮೇಲೆ ಅಪ್ಪನ ಅಡುಗೆಯೊಂದೇ ಉಳಿಯಿತು. ಎಲ್ವಿಯೊನ ಹೆಸರೆತ್ತಿದರೆ ಅಪ್ಪ ಮುಖ ತಿರುಗಿಸುತ್ತಿದ್ದ ಆ ವರ್ಷಗಳಲ್ಲಿ ಅಣ್ಣನ ಪರವಾಗಿ ವಾದಿಸಿ, ಕಾಗದ ಬರೆದು, ಕ್ರಿಸ್ಮಸ್ಸಿಗಾದರೂ ಅವನು ಬಂದುಹೋಗುವಂತೆ ಮಾಡಿದವಳು ಅವಳೇ.

ಆ ಭಾನುವಾರ ಎಲ್ವಿಯೊ ಮಗಳು ಮರಿಲೇನಾಳ ಜೊತೆ ಬಂದ. ಮರಿಲೇನಾಳ ತೋಳಿನಲ್ಲಿ ಮೂರು ತಿಂಗಳ ಕೂಸು, ಆಗಾತಾ. ತೊಂಬತ್ತೊಂದರ ಮುತ್ತಜ್ಜನಿಗೆ ಮಗುವನ್ನು ತೋರಿಸಲೆಂದು ಟುರಿನ್ನಿನಿಂದ ಐದು ತಾಸು ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ಏಳು ಸಲ ನಿಲ್ಲಿಸಿದ್ದರಂತೆ.

“ಅಳ್ತಿತ್ತಾ?” ನೆರಿನಾ ಕೇಳಿದಳು.

“ಇಲ್ಲ ಅತ್ತೆ, ಅಳ್ತಾನೇ ಇರ್ಲಿಲ್ಲ. ಅದಕ್ಕೇ ಭಯ ಆಗಿ ನಿಲ್ಲಿಸಿ ನಿಲ್ಲಿಸಿ ಉಸಿರು ನೋಡ್ದೆ.”

ಮರಿಲೇನಾಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಗಂಡನಿಗೆ ರಾತ್ರಿಪಾಳಿ, ಅಮ್ಮನಿಗೆ ಮೊಣಕಾಲು ನೋವು. ಮಗುವಿನ ಉಗುರು ಕತ್ತರಿಸಲೂ ಧೈರ್ಯವಿಲ್ಲದೆ ಕೈಗೆ ಕಾಲುಚೀಲ ತೊಡಿಸಿದ್ದಳು. ನೆರಿನಾ ಕೂಸನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದಳು. ಅಡುಗೆಮನೆಯ ಸಣ್ಣ ಕತ್ತರಿಯಿಂದ ಹತ್ತೂ ಉಗುರು ತೆಗೆದಳು. ಮಗು ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿತ್ತು.

“ಅತ್ತೆ,” ಎಂದಳು ಮರಿಲೇನಾ, ಅಳು ಬಂದವಳಂತೆ, “ಎರಡು ವಾರ ನಮ್ಮನೇಗೆ ಬರ್ತೀಯಾ? ಎರಡೇ ವಾರ.”

ನೆರಿನಾ ಕತ್ತರಿ ಕೆಳಗಿಟ್ಟಳು. ಬರುತ್ತೇನೆ ಎನ್ನಲು ಬಾಯಿ ತೆರೆದಿದ್ದಳು. ಮೂಲೆಯ ಕುರ್ಚಿಯಿಂದ ಅಪ್ಪನ ನಗು ಕೇಳಿಸಿತು.

“ಇವಳಾ? ಇವಳು ಎಲ್ಲಿಗೆ ಬರ್ತಾಳೆ? ಹೆಸರೇ ಏನು ಅಂತ ಗೊತ್ತಿಲ್ವಾ ನಿನಗೆ?”

“ನಿಜ,” ಎಂದಳು ನೆರಿನಾ. “ಅಪ್ಪನ್ನ ಬಿಟ್ಟು ಹ್ಯಾಗಮ್ಮಾ.” ಹೇಳಿ ಪೊಲೆಂತಾ ಎಂಬ ಮೆಕ್ಕೆಜೋಳದ ಮುದ್ದೆ ತಿರುವಲು ಹೋದಳು.

ಊಟಕ್ಕೆ ಕುಳಿತರು. ಮರದ ಹಲಗೆಯ ಮೇಲೆ ಸುರಿದ ಬಿಳಿ ಪೊಲೆಂತಾವನ್ನು ನೆರಿನಾ ದಾರದಿಂದ ಕೊಯ್ದು ಹಂಚಿದಳು. ಕೆಂಡದ ಮೇಲೆ ಸುಟ್ಟ ಹಾವುಮೀನು ತಟ್ಟೆಗಳಲ್ಲಿ ಇನ್ನೂ ಚುರುಗುಡುತ್ತಿತ್ತು. ಮರಿಲೇನಾ ಒಂದು ಕೈಯಲ್ಲಿ ತೊಟ್ಟಿಲ ಬುಟ್ಟಿ ತೂಗುತ್ತ, ಇನ್ನೊಂದರಲ್ಲಿ ಮೊಬೈಲು ಹಿಡಿದು ತೋರಿಸಿದಳು.

“ನೋಡಿ ಅಜ್ಜ, ಇದರಲ್ಲಿ ಮನೆಹೆಸರು ಹಾಕಿದ್ರೆ ದೇಶದಲ್ಲಿ ಎಲ್ಲೆಲ್ಲಿ ಇದ್ದಾರೆ ಅಂತ ಚುಕ್ಕೆ ಬರುತ್ತೆ. ನನ್ನ ಗಂಡನ ಹೆಸರು ಹಾಕಿದ್ರೆ ನಕ್ಷೆಗೆ ದಡಾರ ಎದ್ದ ಹಾಗೆ ಕಾಣುತ್ತೆ. ನಮ್ಮದು ಎರಡೇ ಚುಕ್ಕೆ. ಇಲ್ಲೊಂದು, ಟುರಿನ್‌ನಲ್ಲೊಂದು. ಒಟ್ಟು ನಾಲ್ಕು ಜನ.”

“ಕೂಸು ಸೇರಿದ್ರೆ ಐದು,” ಎಂದ ಎಲ್ವಿಯೊ.

“ಹೂಂ, ಇವಳಿಗೆ ಎರಡೂ ಮನೆಹೆಸರು ಬರೆಸಿದೀವಿ. ನೋಂದಣಿ ಮಾಡೋನು ನಕ್ಕ. ‘ಏನಮ್ಮಾ ಇದು, ಹೆಸರೋ ಅಪ್ಪಣೆಯೋ’ ಅಂದ. ನಾನು ನಮ್ಮಪ್ಪ ಹೇಳೋ ಕಥೆ ಹೇಳ್ದೆ. ಬಿದ್ದು ಬಿದ್ದು ನಕ್ಕ.”

“ನಗೋದೇನಿದೆ ಅದ್ರಲ್ಲಿ?” ನೆರಿನಾ ಕೇಳಿದಳು. “ಮೂರು ದಿನ ನೀರಲ್ಲಿ ನಿಂತಿದ್ದು ನಗೋ ವಿಷಯಾನಾ?”

“ನೀರಾ? ಯಾವ ನೀರು? ನಾನು ಹೇಳಿದ್ದು ಗುಮಾಸ್ತನ ತಪ್ಪಿನ ಕಥೆ ಅತ್ತೆ.”

ಎಲ್ವಿಯೊ ಕೆಮ್ಮಿದ. ಕೆಮ್ಮು ನಿಜದ್ದಲ್ಲವೆಂದು ಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಬಡಿಸಿದವಳಿಗೆ ತಕ್ಷಣ ಗೊತ್ತಾಯಿತು.

“ಯಾವ ಗುಮಾಸ್ತ?”

“ಮರಿಲೇನಾ, ಮಗು ಎದ್ದಿತು ನೋಡು,” ಎಂದ ಎಲ್ವಿಯೊ.

“ಮಲಗಿದೆ ಅಪ್ಪಾ. ಅಪ್ಪನ ಮನೆ ಗೋಡೇಲಿ ಫ್ರೇಮ್ ಹಾಕಿಲ್ವಾ ಅತ್ತೆ, ಆ ಕಾಗದ. ಕೋಟು ತೂಗುಹಾಕೋ ಜಾಗದ ಪಕ್ಕ. ನಿನಗೆ ಗೊತ್ತಿರುತ್ತಲ್ಲ.” ಮೊಬೈಲಿನಲ್ಲಿ ಹುಡುಕಿ ಪಟ ದೊಡ್ಡದು ಮಾಡಿ ಅತ್ತೆಯ ಮುಂದೆ ಹಿಡಿದಳು.

ಹಳೆಯ ರಿಜಿಸ್ಟರಿನ ಒಂದು ಸಾಲಿನ ನಕಲು. ಪಟ್ಟಣದಲ್ಲಿ ಹಿಂದೆ ಸನ್ಯಾಸಿನಿಯರು ನಡೆಸುತ್ತಿದ್ದ ಅನಾಥ ಶಿಶುಗಳ ಮನೆಯದು. ಅಲ್ಲಿಯ ಗೋಡೆಯಲ್ಲಿ ತಿರುಗುವ ಮರದ ಪೆಟ್ಟಿಗೆಯೊಂದಿತ್ತು. ಹೊರಗಿನಿಂದ ಕೂಸನ್ನಿಟ್ಟು ತಿರುಗಿಸಿದರೆ ಒಳಗೆ ಹೋಗುತ್ತಿತ್ತು, ಇಟ್ಟವರ ಮುಖ ಕಾಣುತ್ತಿರಲಿಲ್ಲ. ಸಾವಿರದ ಎಂಟುನೂರ ಅರವತ್ತೊಂಬತ್ತು, ಜನವರಿ. ಗಂಡು. ಸುಮಾರು ಆರು ದಿನದ್ದು. ಸೀಳಿದ ಕಂಬಳಿಯ ತುಂಡು. ದೀಕ್ಷಾಸ್ನಾನದ ಹೆಸರು: ಪಿಯೆತ್ರೊ. ಮನೆಹೆಸರು: ಖಾಲಿ. ಕೊನೆಯ ಕಾಲಮ್ಮು, ಹಾಲುಣಿಸಲು ಯಾರಿಗೆ ಕೊಟ್ಟಿದೆ. ಉಳಿದ ಕೂಸುಗಳಿಗೆಲ್ಲ ಅಲ್ಲಿ ಯಾವುದೋ ಹಳ್ಳಿಯ ಯಾವುದೋ ಹೆಂಗಸಿನ ಹೆಸರು ಬೀಳುತ್ತಿತ್ತಂತೆ. ಈ ಕೂಸಿನ ಎದೆಯಲ್ಲಿ ಗೊರಗೊರ ಎನ್ನುತ್ತಿದ್ದುದರಿಂದ ಯಾರೂ ಒಯ್ಯಲಿಲ್ಲ. ಸನ್ಯಾಸಿನಿ ಎರಡು ಮಾತು ಬರೆದಿದ್ದಳು: ರೆಸ್ತಾ ಕ್ವಿ. ಇಲ್ಲೇ ಇದೆ. ಏಳು ವರ್ಷದ ಮೇಲೆ ಹುಡುಗನನ್ನು ವಾಲ್ನೋವಾದ ರೈತನೊಬ್ಬನಿಗೆ ಕೊಟ್ಟಾಗ, ಇಲ್ಲಿನ ಗುಮಾಸ್ತ ಮನೆಹೆಸರಿನ ಜಾಗ ಖಾಲಿ ಬಿಡಲಾರದೆ ಸಾಲಿನ ಕೊನೆಯ ಮಾತನ್ನು ಎತ್ತಿ ಹಾಕಿದ್ದ.

ಯಾರ ಗಂಟೆಯೂ ಇಲ್ಲ. ಯಾರೂ ಯಾರಿಗೂ ಇರು ಎಂದಿರಲಿಲ್ಲ. ಬೇಡವಾದ ಕೂಸೊಂದು ಉಳಿದುಹೋಗಿತ್ತು, ಅಷ್ಟೇ. ನೆರಿನಾ ಬುಟ್ಟಿಯ ಕಡೆ ನೋಡಿದಳು. ಆರು ದಿನದ ಕೂಸಿನ ಕೈ ಎಷ್ಟು ದೊಡ್ಡದಿರುತ್ತದೆ? ಜನವರಿಯ ಮಂಜಿನಲ್ಲಿ, ಕಂಬಳಿಯ ತುಂಡಿನಲ್ಲಿ, ಪೆಟ್ಟಿಗೆ ತಿರುಗುವವರೆಗೆ ಅದು ಅತ್ತಿತ್ತೋ, ಅಳುವ ಶಕ್ತಿಯೂ ಇರಲಿಲ್ಲವೋ?

“ಈ ಕಾಗದ ನಿನಗೆ ಎಲ್ಲಿ ಸಿಕ್ತು ಅಣ್ಣಾ?”

ಎಲ್ವಿಯೊ ಹಾವುಮೀನಿನ ಮುಳ್ಳು ಬಿಡಿಸುತ್ತ ಕುಳಿತ. ಉತ್ತರ ಕೊಟ್ಟವಳು ಮರಿಲೇನಾ. ಎಲ್ವಿಯೊ ಸಿಕ್ಕಿಬಿದ್ದದ್ದು ಅವಳಿಗಿನ್ನೂ ತಿಳಿದಿರಲಿಲ್ಲ. “ಅಜ್ಜಾನೇ ಕೊಟ್ಟಿದ್ದಲ್ವಾ, ಅಪ್ಪ ಊರು ಬಿಟ್ಟ ದಿನ ಸ್ಟೇಷನ್‌ನಲ್ಲಿ. ‘ಹೆಸರಿಗೆಲ್ಲ ಹೆದರ್ಬೇಡ, ಅದೊಂದು ಗುಮಾಸ್ತನ ತಪ್ಪು, ಧೈರ್ಯವಾಗಿ ಹೋಗು’ ಅಂದಿದ್ರಂತೆ. ಎಷ್ಟು ಚೆನ್ನಾಗಿದೆ ಅಲ್ವಾ ಅತ್ತೆ?”

ಆ ದಿನ ಸ್ಟೇಷನ್ನಿಗೆ ಹೋಗಲೇ ಇಲ್ಲವೆಂದು ಅಪ್ಪ ಬಾರಿನಲ್ಲಿ ಮೇಜು ಕುಟ್ಟಿ ಹೇಳಿದ್ದ. ‘ಅಂಥವನ ಬೆನ್ನು ನೋಡೋಕೆ ನಾನ್ಯಾಕೆ ಹೋಗ್ಲಿ’ ಎಂದಿದ್ದ. ಆ ರಾತ್ರಿ ಅವನಿಗೆ ಬಿಸಿ ವೈನು ಕಾಯಿಸಿಕೊಟ್ಟು ಸಮಾಧಾನ ಹೇಳಿದ್ದು ನೆರಿನಾಳಿಗೆ ಚೆನ್ನಾಗಿ ನೆನಪಿತ್ತು. ಹತ್ತೊಂಬತ್ತು ವರ್ಷ ಅವಳಿಗಾಗ.

“ಅಪ್ಪಾ,” ಎಂದಳು. “ನಿಮಗೆ ಯಾವಾಗಿಂದ ಗೊತ್ತಿತ್ತು?”

“ನನ್ನ ಮದುವೆಗೆ ಕಾಗದಪತ್ರ ಹೊಂದಿಸೋಕೆ ಹೋದಾಗಿಂದ.”

“ಅಂದ್ರೆ ನಾನು ಹುಟ್ಟೋಕೂ ಮೊದಲಿಂದ.”

“ಹುಟ್ಟೋಕೂ ಮೊದಲಿಂದ.” ಮುದುಕ ಪೊಲೆಂತಾದ ತುಣುಕಿನಿಂದ ತಟ್ಟೆಯ ಎಣ್ಣೆ ಒರೆಸಿದ. “ಈಗ ಅದನ್ನ ಕೆದಕಿ ಏನು? ಅನಾಥ ಕೂಸಿನ ಮೊಮ್ಮಗ ಅನ್ನಿಸ್ಕೊಳ್ಳೋದಕ್ಕಿಂತ ಗಂಟೆ ಹೊಡೆದೋನ ವಂಶ ಅನ್ನಿಸ್ಕೊಳ್ಳೋದು ಮೇಲಲ್ವಾ? ನಿಮಗೆಲ್ಲ ಒಂದು ಮರ್ಯಾದೆ ಮಾಡಿಕೊಟ್ಟೆ.”

“ಅಣ್ಣಂಗೆ ನಿಜ ಹೇಳಿದ್ರಿ.”

“ಅವನು ಗಂಡಸು, ಹೊರಟು ನಿಂತಿದ್ದ. ಎದೆ ಮೇಲೆ ಕಲ್ಲಿಟ್ಟು ಕಳಿಸೋಕಾಗುತ್ತಾ?”

“ನಾನೂ ಹೊರಟು ನಿಂತಿದ್ದೆ ಅಪ್ಪಾ. ಟವೆಲ್ ಕಟ್ಕೊಂಡು ನಿಂತಿದ್ದೆ.”

ಮುದುಕ ತಟ್ಟೆ ಸರಿಸಿದ. ನಂತರ ಹೇಳಿದ ಮಾತಿನಲ್ಲಿ ಸುಳ್ಳಿರಲಿಲ್ಲ. “ನಿನಗೆ ನಿಜ ಹೇಳಿದ್ರೆ ನೀನು ಹೋಗ್ತಿದ್ದೆ.”

“ಹೋಗ್ತಿದ್ದೆ.”

“ಅದಕ್ಕೇ ಹೇಳ್ಲಿಲ್ಲ.”

ನೆರಿನಾ ಅಣ್ಣನ ಕಡೆ ತಿರುಗಿದಳು. “ನೀನು? ನಲವತ್ತು ಕ್ರಿಸ್ಮಸ್ ಬಂದು ಇದೇ ಮೇಜಲ್ಲಿ ಕೂತು ಗಂಟೆ ಕಥೆ ಕೇಳಿ ತಲೆ ಅಲ್ಲಾಡಿಸ್ದೆ. ನಿನ್ನ ಪರವಾಗಿ ಅಪ್ಪನ ಹತ್ರ ಜಗಳ ಆಡ್ದೆ ನಾನು. ನೀವಿಬ್ರೂ ಒಂದೇ ಅಂತ ಗೊತ್ತಿಲ್ದೆ.”

“ನಿನಗೂ ಗೊತ್ತು ಅಂದ್ಕೊಂಡಿದ್ದೆ ಕಣೇ.”

“ಗೊತ್ತು ಅಂದ್ಕೊಂಡಿದ್ರೆ ಈಗ ಯಾಕೆ ಕೆಮ್ಮಿದೆ?”

ಎಲ್ವಿಯೊ ತಲೆ ತಗ್ಗಿಸಿದ. “ಯಾರಾದ್ರೂ ಒಬ್ರು ಇರ್ಬೇಕಿತ್ತಲ್ಲ,” ಎಂದ, ಮುಳ್ಳುಗಳಿಗೆ ಹೇಳುವವನಂತೆ.

ಮರಿಲೇನಾ ಬಿಳಿಚಿಕೊಂಡಿದ್ದಳು. ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡಿದ್ದಳು, ಅತ್ತೆ ಇನ್ನು ಆ ಹೆಸರನ್ನು ಮಗುವಿನಿಂದ ಕಿತ್ತುಕೊಂಡಾಳೋ ಎಂಬಂತೆ.

ನೆರಿನಾ ಕೂಗಾಡಲಿಲ್ಲ. ತಟ್ಟೆಗಳನ್ನು ಎತ್ತಿದಳು, ತೊಳೆದಳು, ಒರೆಸಿಟ್ಟಳು. ಕೋಣೆಗೆ ಹೋಗಿ ಸಂತೆಯ ಚೀಲದಲ್ಲಿ ಎರಡು ಉಡುಪು, ಚಪ್ಪಲಿ, ಬಿ.ಪಿ. ಮಾತ್ರೆ ಹಾಕಿಕೊಂಡು ಬಂದಳು. ಅಪ್ಪನ ಔಷಧಿಯ ಡಬ್ಬವನ್ನು ಎಲ್ವಿಯೊನ ಮುಂದಿಟ್ಟಳು.

“ಬಿಳಿ ಮಾತ್ರೆ ತಿಂಡಿಗೆ ಮುಂಚೆ. ಹಳದಿ ಅರ್ಧ, ಊಟ ಆದ್ಮೇಲೆ. ಸೂಪ್ ತೆಳ್ಳಗೆ ಮಾಡ್ಬೇಡ, ನೆತ್ತಿಗೆ ಹತ್ತುತ್ತೆ. ಸ್ನಾನಕ್ಕೆ ಕರೆದ್ರೆ ಬರಲ್ಲ ಅಂತಾರೆ, ಬರ್ತಾರೆ.”

“ಏನೇ ಇದು? ನಾನು ಇವತ್ತೇ ಹೊರಡ್ಬೇಕು. ಬುಧವಾರ ಬೊಚ್ಚೆ ಚೆಂಡಾಟದ ಪಂದ್ಯ ಇದೆ, ನಮ್ಮ ತಂಡಕ್ಕೆ ನಾನೇ ಇಲ್ಲ ಅಂದ್ರೆ—”

“ನೆರಿನಾ,” ಎಂದ ಅಪ್ಪ. ಗಂಟೆಯ ಕಥೆ ಹೇಳುವ ದನಿ ಅದಾಗಿರಲಿಲ್ಲ, ಬಹಳ ಸಣ್ಣದಾಗಿತ್ತು. “ಎಷ್ಟು ದಿನ?”

ಅವಳಿಗೇ ಗೊತ್ತಿರಲಿಲ್ಲ. ಅವನ ಮಡಿಲಿಂದ ಜಾರಿದ್ದ ಕರವಸ್ತ್ರವನ್ನು ಕೈ ತಾನಾಗಿ ಎತ್ತಿ ಮಡಿಲಲ್ಲೇ ಇಟ್ಟಿತು. ಆ ಕೈಯ ಮೇಲೆಯೇ ಅವಳಿಗೆ ಸಿಟ್ಟು ಬಂತು.

ಬಾಗಿಲವರೆಗೆ ಹಿಂದೆ ಬಂದ ಎಲ್ವಿಯೊ, “ನಾನೇನು ಮಾಡ್ಲಿ ಈಗ, ಹೇಳಿ ಹೋಗು,” ಎಂದ.

ನೆರಿನಾ ತಿರುಗಿ ನಿಂತಳು. ಹುಟ್ಟಿದಾಗಿನಿಂದ ಒಂದೇ ಉಸಿರಿಗೆ ಹೇಳಿಕೊಂಡು ಬಂದ ಹೆಸರನ್ನು, ಆ ಸನ್ಯಾಸಿನಿ ಬರೆದಿದ್ದಂತೆ, ಎರಡಾಗಿ ಬಿಡಿಸಿ ಹೇಳಿದಳು.

“ರೆಸ್ತಾ. ಕ್ವಿ.”

ಕಾರು ಏರಿಯನ್ನು ಹತ್ತಿತು. ಪೋ ಮಣ್ಣಿನ ಬಣ್ಣದಲ್ಲಿ ಅಗಲವಾಗಿ ಹರಿಯುತ್ತಿತ್ತು. ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಎರಡು ಸಲ ಅನಿಸಿತು, ಎರಡು ಸಲವೂ ನೆರಿನಾ ಬಾಯಿ ಮುಚ್ಚಿಕೊಂಡಳು. ಹಿಂದಿನ ಸೀಟಿನಲ್ಲಿ ಆಗಾತಾ ಅವಳ ಬೆರಳನ್ನು ಹಿಡಿದುಕೊಂಡಿದ್ದಳು.

“ಅತ್ತೆ,” ಎಂದಳು ಮರಿಲೇನಾ ಕೊನೆಗೆ, ಕನ್ನಡಿಯಲ್ಲಿ ನೋಡುತ್ತ, “ಮಗು ಉಸಿರಾಡ್ತಿದೆ ತಾನೇ?”

“ಆಡ್ತಿದೆ. ನೀನು ರಸ್ತೆ ನೋಡು.” ಆಮೇಲೆ ಹೇಳಿದಳು: “ಮೊದ್ಲು ನಿಮ್ಮಪ್ಪನ ಮನೆ ಹತ್ರ ನಿಲ್ಲಿಸು. ಆ ಫ್ರೇಮ್ ಇಳ್ಸಿ ನನ್ನ ಕೈಗೆ ಕೊಡು. ಕೋಟಿನ ಪಕ್ಕ ತೂಗುಹಾಕೋ ಕಾಗದ ಅಲ್ಲ ಅದು.”