ಕೆಸುವಿನ ಮೇಲೆ ಬಂದ ಅಪವಾದ

ನಮ್ಮ ಅತ್ತೆ ಜಲಜಾಕ್ಷಿ ಯಾರನ್ನೂ ಸುಮ್ಮನೆ ಬಿಡುವವರಲ್ಲ. ಕೋಡಂಬಾಕ್ಕಂನ ನಮ್ಮ ಸಣ್ಣ ಸಸ್ಯಾಹಾರಿ ಹೋಟೆಲಿನ ಅಡುಗೆಮನೆಯಲ್ಲಿ ಮೂವತ್ತು ವರ್ಷದಿಂದ ಅವರದೇ ರಾಜ್ಯ. ಸಾಂಬಾರಿಗೆ ಉಪ್ಪು ಸಾಲದು ಎಂದ ಗಿರಾಕಿಗೆ ಉಪ್ಪು ಕಳಿಸುವಾಗ, "ಹಾಗೇ ಅವರ ಬಿಪಿ ಎಷ್ಟೂಂತ ಕೇಳಿ ಬಾ" ಎನ್ನುತ್ತಾರೆ. ಹಳ್ಳಿಯಿಂದ ಬಿ.ಕಾಂ. ಮುಗಿಸಿ ಸೊಸೆಯಾಗಿ ಬಂದ ನನಗೆ ಅವರಿಟ್ಟ ಹೆಸರು "ಡಿಗ್ರಿ".

ಮಳೆಗಾಲದ ಆಟಿ ತಿಂಗಳ ಶನಿವಾರಗಳಲ್ಲಿ ನಮ್ಮಲ್ಲಿ ಕೆಸುವಿನ ಎಲೆಗೆ ಹಿಟ್ಟು ಹಚ್ಚಿ ಸುತ್ತಿ ಬೇಯಿಸುವ ಪತ್ರೊಡೆ. ಕರಾವಳಿಯ ಊರಿನಿಂದ ಕೋಯಂಬೇಡು ನಿಲ್ದಾಣಕ್ಕೆ ಬಸ್ಸಿನಲ್ಲಿ ಬರುವ ಆ ಎಲೆಗಳ ನಾರು ತೆಗೆಯುವುದು ನನ್ನ ಕೆಲಸ. ಆಗ ನಾನು ಎಂಟು ತಿಂಗಳ ಬಸುರಿ. ಅಂಗೈ ತುರಿಸತೊಡಗಿದಾಗ ಯಾರಿಗೂ ಅನುಮಾನ ಬರಲಿಲ್ಲ. ಕೆಸು ಮುಟ್ಟಿದ ಕೈ ತುರಿಸದೆ ಇರುತ್ತದೆಯೇ?

"ಡಿಗ್ರಿ ಅಂದ್ರೆ ಕೆಸುವಿಗೂ ಆಗುವುದಿಲ್ಲ" ಎಂದು ಅತ್ತೆ ಹುಣಸೆಹುಳಿ ಉಜ್ಜಿದರು, ತೆಂಗಿನೆಣ್ಣೆ ಹಚ್ಚಿದರು, ಕೊನೆಗೆ ಎಲೆ ಮುಟ್ಟಬಾರದೆಂದು ಆಜ್ಞೆ ಮಾಡಿದರು.

ವಾರ ಕಳೆದರೂ ತುರಿಕೆ ಹೋಗಲಿಲ್ಲ, ಹೆಚ್ಚಾಯಿತು. ಮೈಮೇಲೆ ಒಂದು ಗುಳ್ಳೆಯೂ ಇಲ್ಲ. ಒಂದು ಬೆಳಿಗ್ಗೆ ನಾನು ಬಾಗಿಲಿನ ನಾರಿನ ಕಾಲೊರಸಿಗೆ ಅಂಗಾಲು ತಿಕ್ಕುತ್ತಿದ್ದುದು ಅತ್ತೆಯ ಕಣ್ಣಿಗೆ ಬಿತ್ತು.

"ಎಂತ ಮಾರಾಯ್ತಿ, ಪತ್ರೊಡೆ ಕಾಲಿನಲ್ಲಿ ಸುತ್ತಿದ್ಯಾ?"

ಅಡುಗೆಮನೆಯೆಲ್ಲ ನಕ್ಕಿತು. ಅತ್ತೆ ಮಾತ್ರ ನಗುವುದನ್ನು ಅರ್ಧಕ್ಕೇ ನಿಲ್ಲಿಸಿ ಸೌಟು ಕೆಳಗಿಟ್ಟರು. "ಕಾಲಿಗೆ ಕೆಸು ತಾಗಲಿಲ್ಲವಲ್ಲ. ಹೊರಡು, ಆಸ್ಪತ್ರೆಗೆ."

ರಕ್ತಪರೀಕ್ಷೆಯ ವರದಿ ನೋಡಿ ಡಾಕ್ಟರಮ್ಮ ತಮಿಳಿನಲ್ಲಿ ನಿಧಾನವಾಗಿ ವಿವರಿಸಿದರು. ಇದು ಚರ್ಮದ ತೊಂದರೆಯಲ್ಲ, ಲಿವರಿನದು. ಪಿತ್ತರಸ ಸರಿಯಾಗಿ ಹರಿಯದೆ ಅದರ ಆಮ್ಲ ರಕ್ತಕ್ಕೆ ಸೇರುತ್ತಿದೆ. ತಾಯಿಗೆ ತುರಿಕೆಯ ಕಾಟ, ಅಷ್ಟೆ. ಆದರೆ ಆಮ್ಲ ಇಷ್ಟು ಏರಿದಾಗ, ಯಾವ ಸೂಚನೆಯೂ ಇಲ್ಲದೆ ಹೊಟ್ಟೆಯೊಳಗೇ ಮಗುವಿನ ಎದೆಬಡಿತ ನಿಂತುಹೋಗುವ ಅಪಾಯವಿದೆ. ಹಾಗಾಗಿ ಮಾತ್ರೆ, ಪದೇ ಪದೇ ಪರೀಕ್ಷೆ; ಮೂವತ್ತಾರನೇ ವಾರಕ್ಕೇ ಹೆರಿಗೆ.

"ಪಿತ್ತಕ್ಕೆ ಪುನರ್ಪುಳಿ ಸಾರು ಕೊಡಬಹುದಾ?" ಊರಿನ ಮನೆಮದ್ದು ನೆನಪಾಗಿ ಅತ್ತೆ ಕೇಳಿದರು.

"ಕೊಡಿ. ಮಾತ್ರೆಯ ಬದಲಿಗೆ ಅಲ್ಲ."

ಅಂದಿನಿಂದ ಊಟವಾದ ಮೇಲೆ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಕೂರುವುದು ಅತ್ತೆಯ ಕೆಲಸವಾಯಿತು. "ಒಳಗಿನವರೇ, ಊಟ ಹೇಗಿತ್ತು?" ಮಗು ಒದ್ದರೆ, "ಉಪ್ಪು ಸಾಲದಂತೆ" ಎನ್ನುವರು. ಒಂದು ಮಧ್ಯಾಹ್ನ ಒಳಗಿನಿಂದ ಉತ್ತರ ಬರಲಿಲ್ಲ. ನನ್ನನ್ನು ಎಡಮಗ್ಗುಲಿಗೆ ಮಲಗಿಸಿದರು, ಮತ್ತೆ ಕರೆದರು. ಒಲೆ ಆರಿಸಿ, ಬೀದಿಗೆ ಹೋಗಿ ಆಟೋ ನಿಲ್ಲಿಸಿದರು. ದಾರಿಯುದ್ದಕ್ಕೂ ಅತ್ತೆಯ ಕೈ ನನ್ನ ಹೊಟ್ಟೆಯ ಮೇಲೆಯೇ ಇತ್ತು. ಆಸ್ಪತ್ರೆಯ ಯಂತ್ರದಲ್ಲಿ ಎದೆಬಡಿತ ಕುದುರೆ ಓಡಿದ ಹಾಗೆ ಕೇಳಿದಾಗ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಿದ್ದೆಯಂತೆ. ಮನೆಗೆ ಬರಲಿ, ಹೇಳುತ್ತೇನೆ" ಎಂದರು.

ಹೇಳಿದ ವಾರಕ್ಕೇ ಹೆರಿಗೆ ಮಾಡಿಸಿದರು. ಮುಂದಿನದು ಗಂಡ ವಿಷ್ಣುಮೂರ್ತಿ ಹೇಳಿ ಗೊತ್ತಾದದ್ದು. ಹೆಣ್ಣುಮಗು ಎಂದು ನರ್ಸ್ ಬಂದು ಹೇಳಿದರೆ ಅತ್ತೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲವಂತೆ.

"ಅತ್ತಿತಾ?" ಎಂದರಂತೆ.

"ಚೆನ್ನಾಗಿ ಅತ್ತಿತು, ಅಜ್ಜಿ. ನಿಲ್ಲಿಸುತ್ತಲೇ ಇಲ್ಲ."

ಅತ್ತೆ ಅಲ್ಲೇ ಬೆಂಚಿನ ಮೇಲೆ ಕೂತರು. ಆಮೇಲೆ ಮಗನ ಕಡೆ ತಿರುಗಿ, "ನಿಲ್ಲಿಸಲಿಕ್ಕೆ ಯಾರೂ ಹೋಗಬೇಡಿ" ಎಂದರು.