ಮಾತಾಡಿಸಿ ನೋಡುವಾಕೆ

ವಾಡಿಯ ನಮ್ಮ ಆಫೀಸಿನಲ್ಲಿ ಕಂಟೇನರು ಎಂಬ ಸಾಫ್ಟ್‌ವೇರ್ ಡಬ್ಬಿಗಳೊಳಗೆ ಓಡುವ ಸೇವೆಗಳ ಮೇಲೆ ಕಣ್ಣಿಡುವುದು ನನ್ನ ಸಹೋದ್ಯೋಗಿಯೊಬ್ಬಳ ಕೆಲಸವಾಗಿತ್ತು. ಪಕ್ಕದ ಕುರ್ಚಿಯಲ್ಲಿ ನಾನು, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಹೋಗುವ ಗಿರಾಕಿ. ಪರದೆಯ ಮೇಲೆ ಎಲ್ಲವೂ ಹಸಿರಾಗಿ ಕಂಡರೆ ಮಾತ್ರ ನನಗೆ ಚಹಾ ಗಂಟಲಲ್ಲಿ ಇಳಿಯುತ್ತಿತ್ತು. ಆಕೆಗೆ ಅಷ್ಟು ಸಾಲದು. "ಚಾಲೂ ಅದ ಅಂದ್ರ ಆಯ್ತೇನ್ರಿ ಸರ್? ಮಾತಾಡಿಸಿ ನೋಡಬೇಕು," ಎನ್ನುತ್ತ ಒಂದೊಂದು ಸೇವೆಗೂ ಸಣ್ಣ ಪ್ರಶ್ನೆ ಕಳಿಸಿ, ಸರಿಯಾದ ಉತ್ತರ ಬರುವ ತನಕ ಗಲ್ಲಕ್ಕೆ ಕೈಯಿಟ್ಟು ಕೂತಿರುತ್ತಿದ್ದಳು.

ಶಹಾಬಾದಿನ ತನ್ನ ಅಣ್ಣನ ಮನೆಯಲ್ಲಿದ್ದ ಅವ್ವನಿಗೆ ಮರೆವು ಶುರುವಾದ ಮೇಲೆ, ಊಟದ ಹೊತ್ತಿಗೆ ಫೋನಿನ ಸ್ಪೀಕರ್ ಹಾಕಿ ಅವ್ವನನ್ನೂ ಹಾಗೇ ಮಾತಾಡಿಸುತ್ತಿದ್ದಳು. ಬರೀ "ಹೂಂ" ಅಂದರೆ ಬಿಡುತ್ತಿರಲಿಲ್ಲ.

"ಏನು ಪಲ್ಯ ಹೇಳು. ಸುಳ್ಳು ಹೇಳಬ್ಯಾಡ, ನಿನ್ನ ಸೊಸಿಗೆ ಕೇಳ್ತೀನಿ."

"ಪುಂಡಿಪಲ್ಯ ಅದವಾ. ಪೊಲೀಸರ ಹಂಗ ಕೇಳ್ತೀಯಲ್ಲ!"

ಅವ್ವ ಬೈದರೆ ಆಕೆಯ ಮುಖ ಅರಳುತ್ತಿತ್ತು.

ಒಂದು ಮಧ್ಯಾಹ್ನ ಅವ್ವ ರೊಟ್ಟಿ, ಪಲ್ಯ ಎಲ್ಲ ಸರಿಯಾಗಿಯೇ ಹೇಳಿದಳು. ಆಮೇಲೆ ಅಕ್ಕರೆಯಿಂದ, "ಭಾಳ ಛಲೋ ಮಾತಾಡ್ತಿ. ನೀ ಯಾರ ಮಗಳವ್ವಾ?" ಎಂದು ಕೇಳಿದಳು.

ಮಗಳು ಕಣ್ಣೊರೆಸಿಕೊಂಡಳು. ಅವ್ವ ಗಾಬರಿಯಾಗಬಾರದಲ್ಲ.

"ನಿಮ್ಮ ಓಣಿಯಾಕೀನೇರಿ ಅವ್ವಾರ," ಎಂದಳು. "ಇನ್ನೊಂದು ರೊಟ್ಟಿ ಹಾಕ್ಕೊಳ್ರಿ."